ಊರಿಗೆಲ್ಲ ಅಕ್ಕ

ಮಾರುವುದಕ್ಕೆಂದೇ ಅಂಗಡಿ ತೆರೆದು ಕೂತವರು ಗಿರಾಕಿ ಕೇಳಿದ್ದನ್ನು ಕೊಡುವುದಿಲ್ಲ ಎನ್ನುವುದನ್ನೂ, ಹಾಗೆ ಹೇಳಿಸಿಕೊಂಡ ಗಿರಾಕಿ ಮುಖ ಸಿಂಡರಿಸದೆ ಮುಂದಿನ ವಾರ ಮತ್ತೆ ಬಂದು ಅದೇ ಎತ್ತರದ ಸ್ಟೂಲಿನ ಮೇಲೆ ಕೂತು ಅದೇ ಪ್ರಶ್ನೆಯನ್ನು ಇನ್ನಷ್ಟು ವಿನಯದಿಂದ ಕೇಳುವುದನ್ನೂ ನಾನು ನೋಡಿದ್ದು ಅಕ್ಕನ ಚೀಸ್ ಬಾರಿನಲ್ಲಿ ಮಾತ್ರ. ಗಾಜಿನ ಕಪಾಟಿನಲ್ಲಿ ಎದ್ದು ಕಾಣುವಂತೆ ಇಟ್ಟ ಚೀಸನ್ನು ಬೆರಳು ಮಾಡಿ ತೋರಿಸಿ 'ಅದು ಬೇಕಿತ್ತು' ಎಂದರೆ, ಅಕ್ಕ ಮೊದಲು ಚೀಸಿನ ಮುಖ ನೋಡುತ್ತಿದ್ದರು, ಆಮೇಲೆ ಕೇಳಿದವರ ಮುಖ ನೋಡುತ್ತಿದ್ದರು, ಆಮೇಲೆ ತಲೆಯನ್ನು ಒಂದು ಕಡೆಗೆ ವಾಲಿಸಿ, "ಬೈಕೊಂಡ್ರೆ ಬೈಕೊಳ್ಳಿ, ಇನ್ನೊಂದು ವಾರ" ಎನ್ನುತ್ತಿದ್ದರು. ಆ ವಾರ ಕ್ಯಾಲೆಂಡರಿನ ವಾರವಲ್ಲ, ಚೀಸಿನ ವಾರ. ಹತ್ತು ದಿನವೂ ಆದೀತು, ಎರಡು ತಿಂಗಳೂ ಆದೀತು. ಅದಕ್ಕೆ ಮುಂಚೆ ಜಪ್ಪಯ್ಯ ಅಂದರೂ ಅವರು ಚಾಕು ಎತ್ತುತ್ತಿರಲಿಲ್ಲ.

ಒಂದು ಕಾಲಕ್ಕೆ ಮುದ್ರಣಾಲಯವಾಗಿದ್ದ ಹಳೆಯ ಕಟ್ಟಡದ ಬುಡದಲ್ಲಿ, ಬೀದಿಯಿಂದ ನಾಲ್ಕಾರು ಮೆಟ್ಟಿಲು ಇಳಿದರೆ ಸಿಗುವ ಉದ್ದನೆಯ ಕೋಣೆ ಅದು. ಗೋಡೆಯುದ್ದಕ್ಕೂ ಒಂದು ಕಲ್ಲಿನ ಕಟ್ಟೆ, ಅದರ ಈಚೆಗೆ ಸ್ಟೂಲುಗಳು, ಆಚೆಗೆ ಅಕ್ಕ, ಅಕ್ಕನ ಬೆನ್ನ ಹಿಂದೆ ಆ ದಿನ ಕತ್ತರಿಸಲಿರುವ ಚೀಸುಗಳ ಹೆಸರನ್ನು ಸೀಮೆಸುಣ್ಣದಲ್ಲಿ ಬರೆದ ಕಪ್ಪು ಹಲಗೆ. ಹಲಗೆಯ ಪಕ್ಕದ ಸಣ್ಣ ಬಾಗಿಲಿನಿಂದ ಮತ್ತೂ ಕೆಳಗಿಳಿದರೆ ನೆಲಮಾಳಿಗೆ. ಅಲ್ಲಿಯ ತಂಪಿನಲ್ಲಿ ಮರದ ಅಟ್ಟಣಿಗೆಗಳ ಮೇಲೆ ಹತ್ತಾರು ಕೈಗಳು ಮಾಡಿ ತಂದುಕೊಟ್ಟ ಚೀಸಿನ ಚಕ್ರಗಳು ಮೌನವಾಗಿ ಮಾಗುತ್ತಿದ್ದವು. ತಿನ್ನಲು ಬಂದವರಿಗೆ ಆರಿಸಿಕೊಳ್ಳುವ ಕಷ್ಟವನ್ನು ಅಕ್ಕ ಕೊಡುತ್ತಿರಲಿಲ್ಲ. ಒಂದು ಮರದ ಮಣೆ ಬರುತ್ತಿತ್ತು, ಅದರ ಮೇಲೆ ಮೂರು ತುಂಡು ಚೀಸು, ಹೊರಪದರ ಗರಿಗರಿಯಾದ ಬ್ರೆಡ್ಡು, ಒಂದಿಷ್ಟು ಅಕ್ರೋಟು, ಒಂದು ಚಮಚ ಜೇನು, ಜೊತೆಗೆ ಅವರಿಗೆ ಸರಿಕಂಡ ವೈನು. ಸೌಮ್ಯವಾದದ್ದು ಮೊದಲು, ಉಗ್ರವಾದದ್ದು ಕೊನೆಗೆ. ನಮ್ಮ ಜೊತೆ ಕೂರುತ್ತಿದ್ದ ಹಲ್ಲಿನ ಡಾಕ್ಟರು ಒಮ್ಮೆ ಹಸಿವಿನ ಭರದಲ್ಲಿ ಮೂರನೆಯದಕ್ಕೇ ಮೊದಲು ಕೈ ಹಾಕಿದಾಗ, ಅಕ್ಕ ಒಂದು ಮಾತನ್ನೂ ಆಡದೆ ಅವರ ಮಣೆಯನ್ನು ಒಳಗೆ ಒಯ್ದು, ಸೇಬಿನ ಹೋಳು ತಿನ್ನಿಸಿ ಬಾಯಿ ತೊಳೆಸಿ, ಹೊಸ ಮಣೆ ತಂದಿಟ್ಟರು. ಇಷ್ಟು ವರ್ಷ ಜನರ ಬಾಯಿ ತೊಳೆಸಿದ ನನಗೆ ಈ ಗತಿ ಬಂತಲ್ಲ ಎಂದು ಡಾಕ್ಟರು ನಕ್ಕರು.

ನನ್ನಾಕೆಯನ್ನು ಮೊದಲ ಸಲ ಅಲ್ಲಿಗೆ ಕರೆದೊಯ್ದಾಗ ಆಕೆ ನೆಲಮಾಳಿಗೆಯ ಬಾಗಿಲಿನಿಂದ ಬೀಸಿದ ವಾಸನೆಗೆ ಮೂಗು ಮುಚ್ಚಿಕೊಂಡು, "ಹಾಲು ಕೆಡೋದು ನಮ್ಮನೇಲೂ ಆಗತ್ತೆ, ಅದಕ್ಕೆ ಬಸ್ಸು ಹತ್ತಿ ಬರ್ಬೇಕಿತ್ತಾ?" ಎಂದು ನನ್ನ ಕಿವಿಯಲ್ಲಿ ಕೇಳಿದ್ದಳು. ಅಕ್ಕನ ಕಿವಿ ಚುರುಕು. "ಕೆಡೋದಕ್ಕೂ ಮಾಗೋದಕ್ಕೂ ಒಬ್ರು ಪಕ್ಕದಲ್ಲಿ ಕೂತು ನೋಡ್ಕೊಳ್ಳೋ ವ್ಯತ್ಯಾಸ ಅಷ್ಟೇ ಕಣಮ್ಮ" ಎಂದು ಮಣೆಯನ್ನು ಅವಳ ಮುಂದೆ ಸರಿಸಿದರು. ಆ ಮೇಲೆ ನಾನು ಬೇಡವೆಂದರೂ ನನ್ನಾಕೆ ಬಿಡಲಿಲ್ಲ, ಶನಿವಾರದ ಸಂಜೆ ಎಂದರೆ ನಮಗೆ ಅಕ್ಕನ ಬಾರು ಎಂದಾಯಿತು.

ಅಕ್ಕನ ರೂಪವನ್ನು ಹೇಳುವುದೆಂದರೆ ಮೊದಲು ಅವರ ಕೋಟನ್ನು ಹೇಳಬೇಕು. ಯಾವ ಕಾಲದಲ್ಲೋ ಯಾವನೋ ದಪ್ಪ ಗಂಡಸಿಗೆ ಹೊಲಿದ, ಹಳೆ ಬಟ್ಟೆ ಮಾರುವವರಲ್ಲಿ ಕೊಂಡ, ಮಣ್ಣಿನ ಬಣ್ಣದ ಉಣ್ಣೆಯ ಕೋಟು. ಮೊಣಕೈಯಲ್ಲಿ ಎಳೆ ತೆಳ್ಳಗಾಗಿ ಒಳಗಿನ ಅಸ್ತರು ಇಣುಕುತ್ತಿತ್ತು. ನೆಲಮಾಳಿಗೆಯ ಚಳಿಗೆ ತೊಟ್ಟದ್ದನ್ನು ಮೇಲೆ ಬಂದಾಗ ಕಳಚುವಷ್ಟು ಬಿಡುವು ಅವರಿಗೆ ಇರಲಿಲ್ಲವಾದ್ದರಿಂದ, ಬಿರುಬೇಸಿಗೆಯಲ್ಲೂ ಅಕ್ಕ ಕೋಟಿನಲ್ಲೇ ಇರುತ್ತಿದ್ದರು. ಒದ್ದೆ ಕಲ್ಲು, ಬೂಷ್ಟು, ಹುಳಿಹಾಲು ಕಲೆತ ಆ ವಾಸನೆ ಅವರಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು. ಜೇಬಿನಲ್ಲಿ ಒಂದು ಟೊಳ್ಳು ಸಲಾಕೆ. ಚಕ್ರದ ಹೊಟ್ಟೆಗೆ ಅದನ್ನು ಚುಚ್ಚಿ ತಿರುಗಿಸಿ ಎಳೆದರೆ ಬೆರಳುದ್ದದ ತಿರುಳು ಬರುತ್ತದೆ. ಮೂಸಿ, ತುದಿಯನ್ನು ಚೂರು ಚಿವುಟಿ ತಿಂದು, ಉಳಿದದ್ದನ್ನು ಮತ್ತೆ ತೂತಿಗೇ ಸೇರಿಸಿ ಹೆಬ್ಬೆರಳಿನಿಂದ ಒತ್ತಿ ಮುಚ್ಚಿಬಿಡುತ್ತಾರೆ. ಸಲಾಕೆಗೂ ಮೊದಲು ಕಿವಿ. ಚಕ್ರದ ಮೇಲೆ ಬಾಗಿ, ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿದು, ಕಣ್ಣು ಮುಚ್ಚಿ ಕೇಳುತ್ತಿದ್ದ ಆ ಭಂಗಿಯಲ್ಲಿ ಒಂದು ತಾದಾತ್ಮ್ಯವಿತ್ತು. ಆಗ ಅವರನ್ನು ಯಾರೂ ಮಾತನಾಡಿಸುತ್ತಿರಲಿಲ್ಲ.

ನಡಿಗೆ ಎಡಕ್ಕೆ ವಾಲಿದ್ದು. ಭಾರವಾದ ಚಕ್ರಗಳನ್ನು ಎಡ ಸೊಂಟದ ಮೇಲೆ ಇಟ್ಟುಕೊಂಡೇ ಅವರು ಮೆಟ್ಟಿಲು ಹತ್ತುತ್ತಿದ್ದುದರಿಂದ ಹಾಗಾಗಿದೆಯೆಂದು ನಾನು ತಿಳಿದಿದ್ದೆ. ಒಮ್ಮೆ ಹಾಗೆಂದಾಗ ಅಕ್ಕ ನಕ್ಕು, "ಚೀಸು ಹೊತ್ತು ಬಂದ ನಡಿಗೆ ಅಲ್ಲ ಮೇಷ್ಟ್ರೇ, ತಮ್ಮನ್ನ ಹೊತ್ತು ಬಂದಿದ್ದು" ಎಂದರು. ತಾಯಿ ತೀರಿಕೊಂಡಾಗ ಅಕ್ಕನಿಗೆ ಇನ್ನೂ ಜಡೆ ಹೆಣೆದುಕೊಳ್ಳಲು ಬರುತ್ತಿರಲಿಲ್ಲವಂತೆ; ತಮ್ಮನಿಗೆ ಹಲ್ಲು ಮೂಡಿರಲಿಲ್ಲವಂತೆ. ತಂದೆ ಹಗಲೆಲ್ಲ ಡೈರಿಯಲ್ಲಿ ದುಡಿಯುತ್ತಿದ್ದರು. ನೀರು ತರಲು, ಸಾಮಾನು ತರಲು, ಶಾಲೆಗೆ ಹೋಗಲು ಕೂಡ ಸೊಂಟದ ಮೇಲೆ ಆ ಕೂಸು. ಊರಿನವರೆಲ್ಲ ಈಗ ಅವರನ್ನು ಅಕ್ಕ ಎನ್ನುತ್ತಾರೆ, ಅವರಿಗಿಂತ ಹಿರಿಯರಾದ ಹಲ್ಲಿನ ಡಾಕ್ಟರು ಕೂಡ. ಆದರೆ ಹಾಗೆ ಕರೆಯುವ ನಿಜವಾದ ಹಕ್ಕು ಇದ್ದವನು ಅವನೊಬ್ಬನೇ.

ಅಕ್ಕನ ನ್ಯಾಯನಿಷ್ಠೆ ಆ ಬೀದಿಯಲ್ಲಿ ಹೆಸರುವಾಸಿ. ಚಕ್ರವನ್ನು ಕತ್ತರಿಸುವುದರಲ್ಲೇ ಅದು ಕಾಣುತ್ತಿತ್ತು: ಪ್ರತಿ ತುಂಡೂ ನಡುವಿನಿಂದ ತೊಗಟೆಯವರೆಗೆ ಹೋಗಬೇಕು. ಮೆತ್ತಗಿನ ನಡುಭಾಗ ಒಬ್ಬರಿಗೆ, ಒರಟು ಅಂಚು ಇನ್ನೊಬ್ಬರಿಗೆ ಎನ್ನುವಂತಿಲ್ಲ. ಸಿಮೆಂಟಿನ ದೊಡ್ಡ ವ್ಯಾಪಾರಿಯೊಬ್ಬರು ಗೆಳೆಯರ ಜೊತೆ ಬಂದು, ತುಂಡಿನ ಮೆತ್ತಗಿನ ಮೂತಿಯನ್ನಷ್ಟೇ ಕುಯ್ದು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಪಕ್ಕದವನಿಗೆ ತಳ್ಳಿದಾಗ, "ಸ್ವಾಮಿ, ನಿಮ್ಮ ಮನೇಲೂ ಊಟಕ್ಕೆ ಹೀಗೇ ಕೂರ್ತೀರಾ?" ಎಂದು ತಣ್ಣಗೆ ಕೇಳಿದವರು ಅಕ್ಕ. ದೂರದ ಗುಡ್ಡದ ಕಡೆಯಿಂದ ಹೊಸದಾಗಿ ಚೀಸು ಮಾಡಲು ತೊಡಗಿದ ಹೆಣ್ಣುಮಗಳೊಬ್ಬಳು ತನ್ನ ಚಕ್ರ ಕಹಿಯಾಗಿದೆಯೆಂದು ಕಣ್ಣಲ್ಲಿ ನೀರು ತಂದುಕೊಂಡು ನಿಂತಾಗ, "ಎಳೇ ವಯಸ್ಸಿನ ಕಹಿ ಅದು, ಅದಕ್ಕೆ ಯಾಕೆ ಅಳ್ತೀಯ? ಇಟ್ಟು ಹೋಗು. ಕೆಳಗಡೆ ತಣ್ಣಗೆ ಮಲಗಿದ್ರೆ ತಾನಾಗೇ ಬಿಟ್ಟು ಹೋಗತ್ತೆ" ಎಂದು ಬೆನ್ನು ತಟ್ಟಿದವರೂ ಅದೇ ಅಕ್ಕ. ಆಕೆಯ ಚೀಸು ಮುಂದೆ ಕಪ್ಪು ಹಲಗೆಯ ಮೇಲೆ ಬಂದಿತು, ನಾವೆಲ್ಲ ಚಪ್ಪರಿಸಿ ತಿಂದೆವು. ತಾಳಿದವನು ಬಾಳಿಯಾನು ಎಂಬ ಮಾತನ್ನು ಅಕ್ಕ ಬಾಯಲ್ಲಿ ಹೇಳಿದವರಲ್ಲ, ನೆಲಮಾಳಿಗೆಯಲ್ಲಿ ಇಟ್ಟು ತೋರಿಸಿದವರು.

ಇಂಥವರ ತಮ್ಮ ಲಾರಿ ರಿಪೇರಿ ಮಾಡುವ ಮೆಕ್ಯಾನಿಕ್. ಗುಂಡುಗುಂಡಗೆ, ನಿಧಾನದ ಮಾತಿನ, ನಗುವಾಗ ತಲೆ ತಗ್ಗಿಸುವ ಮನುಷ್ಯ. ತಲೆಗೂದಲು ನರೆಯುವ ಹೊತ್ತಿಗೆ ಅವನಿಗೆ ಅಕ್ಕನ ಹುಚ್ಚೇ ಅಂಟಿ, ಊರ ಹೊರಗೆ ಒಂದು ಶೆಡ್ಡು ಹಾಕಿ, ಕೆಲವು ಹಸು ಕಟ್ಟಿ, ಚೀಸು ಮಾಡಲು ತೊಡಗಿದ. ಅಕ್ಕನಿಗೆ ಒಳಗೊಳಗೇ ಹಿಗ್ಗು. ಆದರೆ ಹಿಗ್ಗನ್ನು ಹೊರಗೆ ತೋರಿಸಿದರೆ ಜನ ಏನೆಂದಾರು ಎಂಬ ಅಳುಕು ಕೂಡ ಅಷ್ಟೇ. ಅವನು ತಂದ ಮೊದಲ ಚಕ್ರವನ್ನು ಕೊಯ್ದು, "ಇದನ್ನ ಟೈರಿಗೆ ಪ್ಯಾಚ್ ಹಾಕೋಕೆ ಇಟ್ಕೋ" ಎಂದರು. ಅವನೂ ನಕ್ಕ, ನಾವೂ ನಕ್ಕೆವು, ಏಕೆಂದರೆ ಅದು ನಿಜವಾಗಿಯೂ ರಬ್ಬರಿನಂತೆ ಇತ್ತು. ಎರಡನೆಯದರಲ್ಲಿ ಉಪ್ಪು ಅತಿಯಾಗಿತ್ತು. ಮೂರನೆಯದು ಒಳಗೆ ಬಿರಿದುಕೊಂಡಿತ್ತು. ಪ್ರತಿಸಲವೂ ಅವನು ತಪ್ಪನ್ನು ಕೇಳಿಸಿಕೊಂಡು, ತಲೆಯಾಡಿಸಿ, ಹಿಂಬಾಗಿಲಿನಿಂದ ಹೊರಟುಹೋಗುತ್ತಿದ್ದ. ಆಮೇಲೆ ವರ್ಷದ ಮೇಲಾದರೂ ಅವನು ಚೀಸು ತರಲಿಲ್ಲ.

ಮತ್ತೆ ಬಂದದ್ದು ಒಂದು ಶನಿವಾರ ಸಂಜೆ, ಕೋಣೆ ತುಂಬಿ ತುಳುಕುತ್ತಿದ್ದಾಗ. ಈ ಸಲ ಹಿಂಬಾಗಿಲಿನಿಂದಲ್ಲ. ಬೇರೆ ಚೀಸು ಮಾಡುವವರು ಬರುವ ಹಾಗೆ ಮುಂಬಾಗಿಲಿನಿಂದ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು. ನಾನು, ನನ್ನಾಕೆ, ಹಲ್ಲಿನ ಡಾಕ್ಟರು, ಸಿಮೆಂಟಿನ ವ್ಯಾಪಾರಿ, ಎಲ್ಲರೂ ಇದ್ದೆವು. ಅವನು ಕಟ್ಟೆಯ ಮೇಲೆ ಚಕ್ರವನ್ನಿಟ್ಟು ಬಟ್ಟೆ ಬಿಚ್ಚಿದ. ತೊಗಟೆ ಸೊಗಸಾಗಿ ಕೂತಿತ್ತು. ವ್ಯಾಪಾರಿ ತಮಾಷೆಗೆ, "ಇನ್ನೇನು ಬಿಡಿ, ತಮ್ಮನದ್ದು ಅಂದ್ಮೇಲೆ ಹಲಗೆ ಮೇಲೆ ಬಂದ ಹಾಗೇ" ಎಂದುಬಿಟ್ಟರು. ಅಕ್ಕನ ಮುಖ ಬಿಗಿಯಿತು. ಬಡಿದು ಕೇಳಲಿಲ್ಲ, ಕಣ್ಣು ಮುಚ್ಚಲಿಲ್ಲ. ಸಲಾಕೆಯನ್ನು ಚುಚ್ಚಿ ತಿರುಳು ತೆಗೆದು, ತುದಿ ಚಿವುಟಿ ಬಾಯಿಗೆ ಹಾಕಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು:

"ಕಹಿ. ಇದನ್ನ ನಾನು ಯಾರ ಮುಂದೇನೂ ಇಡೋಕಾಗಲ್ಲ. ನಿಂಗೆ ಈ ಕೆಲಸ ಒಗ್ಗಲ್ಲ ಕಣೋ, ಬಿಟ್ಬಿಡು."

ಅವನು ಒಂದು ಕ್ಷಣ ಅಕ್ಕನನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದದ್ದನ್ನು ನಾನು ಕಂಡೆ. ಆಮೇಲೆ ಸಾಲಾಗಿ ಕೂತಿದ್ದ ನಮ್ಮೆಲ್ಲರ ಮುಖವನ್ನೂ ಒಮ್ಮೆ ನೋಡಿ, "ಆಯ್ತಕ್ಕ" ಎಂದು, ಒದ್ದೆ ಬಟ್ಟೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಹೋದ. ಚಕ್ರ ಕಟ್ಟೆಯ ಮೇಲೇ ಉಳಿಯಿತು. ಅಕ್ಕ ಅದನ್ನು ಕೆಳಗೆ ಒಯ್ದು ಅಟ್ಟಣಿಗೆಯ ಅತಿ ಕೆಳಗಿನ ಸಾಲಿನ ಮೂಲೆಗೆ ದೂಡಿ ಬಂದು, ನಮ್ಮ ಮಣೆಗಳನ್ನು ತಂದಿಟ್ಟರು. ಅಂದು ಯಾರಿಗೂ ಊಟ ರುಚಿಸಲಿಲ್ಲ. ಮನೆಗೆ ಹೋಗುವಾಗ ನನ್ನಾಕೆ, "ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಯ್ತು" ಎಂದಳು. ಅಷ್ಟು ಕಟ್ಟುನಿಟ್ಟು ಇರುವುದರಿಂದಲೇ ಅಕ್ಕ ಅಕ್ಕನಾಗಿರುವುದು ಎಂದು ನಾನು ವಾದಿಸಿದೆ.

ತಮ್ಮ ಅಲ್ಲಿಂದಾಚೆ ಬಾರಿನ ಕಡೆ ತಲೆ ಹಾಕಲಿಲ್ಲ. ಅಕ್ಕ ಫೋನು ಮಾಡಿದರೆ ಅವನ ಹೆಂಡತಿ ಎತ್ತಿಕೊಂಡು, "ಮಲಗಿದಾರೆ ಅತ್ತಿಗೆ" ಎನ್ನುತ್ತಿದ್ದಳು. ಯಾವ ಹೊತ್ತಿನಲ್ಲಿ ಮಾಡಿದರೂ ಅವನು ಮಲಗಿಯೇ ಇರುತ್ತಿದ್ದ. ಹಸುಗಳನ್ನು ಮಾರಿದನೆಂದೂ ಮತ್ತೆ ಲಾರಿಗಳ ಕೆಳಗೆ ಸೇರಿಕೊಂಡನೆಂದೂ ಬೇರೆಯವರಿಂದ ಸುದ್ದಿ ಬಂತು. ಆ ದಿನಗಳಲ್ಲಿ ಅವರ ಬಾಯಲ್ಲಿ 'ಬೈಕೊಂಡ್ರೆ ಬೈಕೊಳ್ಳಿ' ಎಂಬ ಮಾತು ಹೆಚ್ಚಾಯಿತು. ಯಾರಾದರೂ ನಿಜವಾಗಿ ಬೈಯಲಿ ಎಂದು ಕಾಯುತ್ತಿದ್ದಾರೇನೋ ಎಂದು ನನಗೆ ಅನ್ನಿಸುತ್ತಿತ್ತು.

ಚೀಸಿನ ಚಕ್ರಗಳನ್ನು ಆಗಾಗ ಮಗುಚಿ ಹಾಕುತ್ತಿರಬೇಕು, ಇಲ್ಲವಾದರೆ ಅಡಿಯಲ್ಲಿ ತೇವ ನಿಂತು ಕೊಳೆಯುತ್ತವೆ. ಅಕ್ಕ ದಿನಾ ಬೆಳಿಗ್ಗೆ ಸಾಲು ಹಿಡಿದು ಮಗುಚುತ್ತ ಬರುವವರು. ಮೂಲೆಯ ಆ ಚಕ್ರವನ್ನು ನೋಡಬಾರದೆಂದು ಅವರು ಮುಖ ತಿರುಗಿಸಿಕೊಳ್ಳುತ್ತಿದ್ದರಂತೆ. ಆದರೆ ಕೈ ಮಾತ್ರ ತನ್ನ ರೂಢಿಯನ್ನು ಬಿಡಲಾರದೆ ಅದನ್ನೂ ಮಗುಚಿ, ಅದರ ಬೂಷ್ಟನ್ನೂ ಒರೆಸಿ ಮುಂದೆ ಹೋಗುತ್ತಿತ್ತು. ಹೀಗೆ ಚಳಿಗಾಲ ಕಳೆದು, ಬೇಸಿಗೆಯೂ ಅರ್ಧ ಕಳೆಯಿತು. ಅಟ್ಟಣಿಗೆ ತೊಳೆಯಲೆಂದು ಎಲ್ಲವನ್ನೂ ಕೆಳಗಿಳಿಸುತ್ತಿದ್ದ ಒಂದು ದಿನ ಆ ಚಕ್ರದ ಮೇಲೂ ಬೆರಳ ಗೆಣ್ಣು ತಾನಾಗಿ ಬಡಿಯಿತು. ಬಂದ ಸದ್ದಿಗೆ ಅಕ್ಕ ನಿಂತರು. ಸಲಾಕೆ ಚುಚ್ಚಿದರು, ತಿಂದರು. ಕಹಿಯ ಸುಳಿವೂ ಇರಲಿಲ್ಲ. ಅಂದು ಬಾರು ತೆರೆಯಲಿಲ್ಲ.

ಮರುದಿನ ನನಗೂ ಡಾಕ್ಟರಿಗೂ ಅದನ್ನು ಹೇಳುವಾಗ ಅಕ್ಕ ಅಳಲಿಲ್ಲ, ಅತ್ತಿದ್ದರೆ ವಾಸಿಯಾಗಿತ್ತು. "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ ಮೇಷ್ಟ್ರೇ, ಅದು ನಾನೇ" ಎಂದರು. ಡಾಕ್ಟರು ಸಮಾಧಾನ ಮಾಡಲು ಹೋಗಿ, "ಅವತ್ತು ಕಹಿ ಇದ್ದಿದ್ದು ನಿಜ ತಾನೇ ಅಕ್ಕ" ಎಂದರು. "ನಿಜಾನೇ. ಅದೇ ಗುಡ್ಡದ ಹುಡುಗಿ ತಂದಿದ್ರೆ ಏನಂತಿದ್ದೆ?" ಎಂದು ಅಕ್ಕ ಕೇಳಿದರು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಎಂಬುದು ನನ್ನ ಮನಸ್ಸಿಗೆ ಬಂತು.

ಅವರು ಫೋನು ಮಾಡಲಿಲ್ಲ. ಕೋಟು ತೊಟ್ಟೇ ಬಸ್ಸು ಹತ್ತಿ, ಲಾರಿಗಳ ವರ್ಕ್‌ಶಾಪಿಗೆ ಹೋದರು. ತಮ್ಮ ಒಂದು ಲಾರಿಯ ಕೆಳಗೆ ಅಂಗಾತ ಮಲಗಿದ್ದ, ಹೊರಗೆ ಕಾಣುತ್ತಿದ್ದದ್ದು ಪಾದಗಳು ಮಾತ್ರ. ಅಕ್ಕ ಆ ಪಾದಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಶನಿವಾರ ಸಂಜೆ ಬಾ. ಅವತ್ತು ಕೂತಿದ್ದೋರನ್ನೇ ಕರೆದಿದೀನಿ. ಅವರ ಮುಂದೆ ಅಂದಿದ್ದು, ಅವರ ಮುಂದೇನೇ ಹೇಳ್ಬೇಕು" ಎಂದರಂತೆ. ಸ್ಪ್ಯಾನರಿನ ಸದ್ದು ನಿಂತಿತು, ಅಷ್ಟೇ. ಬರುತ್ತಾನೋ ಇಲ್ಲವೋ ಎಂದು ತಿಳಿಯದೆ ಅಕ್ಕ ವಾಪಸು ಬಂದರು. ಆ ಶನಿವಾರದವರೆಗೆ ಅವರು ಅನ್ನ ನೀರು ಸರಿಯಾಗಿ ಮುಟ್ಟಲಿಲ್ಲವೆಂದು ಕಾಣುತ್ತದೆ, ಕೋಟು ಇನ್ನೂ ದೊಡ್ಡದಾದಂತಿತ್ತು.

ಅವನು ಬಂದ. ಕೆಲಸದ ಬಟ್ಟೆಯಲ್ಲೇ, ಉಗುರ ಸಂದಿಯಲ್ಲಿ ಗ್ರೀಸು ಇಟ್ಟುಕೊಂಡೇ ಬಂದು, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತ. ಕಪ್ಪು ಹಲಗೆಯ ಮೇಲೆ ಅಂದು ಒಂದೇ ಸಾಲು ಇತ್ತು: 'ನನ್ನ ತಮ್ಮನ ಚೀಸು'. ಅಕ್ಕ ಚಕ್ರವನ್ನು ತಂದು ಎಲ್ಲರ ಎದುರಿಗೆ ಕತ್ತರಿಸಿ, ಒಂದೊಂದು ಮಣೆಗೂ ಒಂದೊಂದು ತುಂಡಿಟ್ಟರು. ನಾವು ಬಾಯಿಗಿಟ್ಟೆವು. ಮೊದಲು ಬೆಣ್ಣೆಯ ಸ್ನಿಗ್ಧತೆ, ಆಮೇಲೆ ಹುರಿದ ಬೀಜದ ಕಂಪು, ಎಲ್ಲಕ್ಕಿಂತ ಕೊನೆಗೆ, ಆ ಕಹಿ ಇದ್ದಿರಬಹುದಾದ ಜಾಗದಲ್ಲಿ, ದೀರ್ಘವಾಗಿ ಉಳಿಯುವ ಒಂದು ಸಿಹಿ. ಅಷ್ಟು ಒಳ್ಳೆಯ ಚೀಸನ್ನು ನಾನು ಆ ಕಟ್ಟೆಯ ಮೇಲೆ ಅದಕ್ಕೆ ಮುಂಚೆ ತಿಂದಿರಲಿಲ್ಲ, ಆಮೇಲೂ ತಿಂದಿಲ್ಲ.

ಅಕ್ಕ ಕಟ್ಟೆಯ ಈಚೆಗೆ ಬಂದು, ತಮ್ಮನ ಎದುರು ನಿಂತರು.

"ಅವತ್ತು ನಾನು ಕಹಿ ಅಂದೆ. ಕಹಿ ಇತ್ತು. ಆದ್ರೆ ಬೇರೆ ಯಾರೇ ತಂದಿದ್ರೂ ಇಟ್ಟು ಹೋಗಿ ಅಂತಿದ್ದೆ. ತಮ್ಮನ್ದು ಅಂತ ಇಟ್ಕೊಂಡ್ಲು ಅಂದಾರು ಅಂತ ಹೆದ್ರಿ, ನಿಂಗೊಬ್ಬನಿಗೆ ಆ ಇನ್ನೊಂದು ವಾರ ಕೊಡ್ಲಿಲ್ಲ. ತಪ್ಪಾಯ್ತು ಕಣೋ, ಹೊಟ್ಟೆಗೆ ಹಾಕ್ಕೋ."

ಅವನು ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದ.

"ಗೊತ್ತಿತ್ತು ಅಕ್ಕ."

"ಏನು ಗೊತ್ತಿತ್ತು?"

"ಆ ಕಹಿ ಹೋಗತ್ತೆ ಅಂತ. ನೀನೇ ಅಲ್ವಾ ಹೇಳ್ಕೊಟ್ಟಿದ್ದು. ಅದ್ಕೇ ತಂದಿದ್ದು, ನಿನ್ ಹತ್ರ ಮಾಗ್ಲಿ ಅಂತ."

"ಮತ್ತೆ ಅವತ್ತೇ ಯಾಕೋ ಹೇಳ್ಲಿಲ್ಲ? ಬಾಯಿ ಇರ್ಲಿಲ್ವಾ?"

ಅವನು ತಲೆ ತಗ್ಗಿಸಿದ. "ಇಷ್ಟು ಜನ ಕೂತಿದ್ರು. ಅಕ್ಕಂದು ತಪ್ಪು ಅಂತ ಎಲ್ಲರ ಮುಂದೆ ನಾನು ಹೇಗೆ ಹೇಳ್ಲಿ?"

ಅಷ್ಟು ವರ್ಷದಲ್ಲಿ ಗಿರಾಕಿಗಳ ಮುಂದೆ ಒಮ್ಮೆಯೂ ಕೂರದಿದ್ದವರು ಅಂದು ತಮ್ಮನ ಪಕ್ಕದ ಸ್ಟೂಲಿನ ಮೇಲೆ ಕೂತು, ಕೋಟಿನ ತೋಳಿನಿಂದ ಮುಖ ಒರೆಸಿಕೊಂಡರು. ಆಮೇಲೆ, ಮತ್ತೆ ಹಸು ಕಟ್ಟುತ್ತೀಯಾ ಎಂದು ಕೇಳಿದರು. ಇಲ್ಲ ಅಕ್ಕ, ಆ ಮನಸ್ಸು ಹೋಯ್ತು ಎಂದು ಅವನು, ಕೋಪವಿಲ್ಲದೆ, ಹೇಳಿದ. ಅವನು ಮೊದಲಿನಂತೆ ಬಂದು ಹೋಗುತ್ತಾನೆ, ಮಾತಾಡುತ್ತಾನೆ, ಅವನ ಹೆಂಡತಿ ಫೋನು ಎತ್ತಿದರೆ ಈಗ ಅವನು ಎದ್ದೇ ಇರುತ್ತಾನೆ. ಆದರೆ ಆ ಚೀಸು ಆ ಸಂಜೆಗೇ ಮುಗಿದುಹೋಯಿತು, ಅದನ್ನು ಇನ್ನು ಯಾರೂ ತಿನ್ನುವಂತಿಲ್ಲ.

ತಕ್ಕಡಿ ಸರಿಯಾಗಿ ಹಿಡಿಯುತ್ತಾರೆಂದು ಲೋಕದಲ್ಲಿ ಹೆಸರಾದವರನ್ನು ನಾನು ಬೇರೆ ಕಡೆಗಳಲ್ಲೂ ಕಂಡಿದ್ದೇನೆ: ಸ್ವಂತ ಮಗನಿಗೆ ಒಂದು ಅಂಕ ಕಡಿಮೆ ಹಾಕಿದ ಅಧ್ಯಾಪಕರು, ಸ್ವಂತ ತಂಗಿಯ ಅರ್ಜಿಯನ್ನು ಅಡಿಗೆ ಹಾಕಿದ ಅಧಿಕಾರಿಗಳು. ಇವರು ಕೆಟ್ಟವರಲ್ಲ. ಪಕ್ಷಪಾತವೆಂಬ ಒಂದು ಮಾತಿಗೆ ಅಂಜಿ, ತಮ್ಮವರ ತಟ್ಟೆಯಿಂದ ಚೂರು ಚೂರೇ ತೆಗೆಯುತ್ತ, ಅದನ್ನೇ ಧರ್ಮವೆಂದು ನಂಬಿದವರು. ನಾವು ಅವರನ್ನು ಹೊಗಳುತ್ತೇವೆ, ಹೊಗಳಿದಷ್ಟೂ ಅವರು ಬಿಗಿಯಾಗುತ್ತಾರೆ. ಅಂಥವರ ಮನೆಯಲ್ಲಿ ಸಾಮಾನ್ಯವಾಗಿ ಒಬ್ಬರು ಇರುತ್ತಾರೆ. ಸಾಕ್ಷ್ಯವೆಲ್ಲ ತಮ್ಮ ಕಡೆಗಿದ್ದರೂ, ಒಂದೇ ಮಾತಿನಲ್ಲಿ ಗೆಲ್ಲಬಹುದಾಗಿದ್ದರೂ, ತಮ್ಮ ಪ್ರೀತಿಯವರು ನಾಲ್ಕು ಜನರ ಮುಂದೆ ಸೋಲಬಾರದೆಂದು 'ಆಯ್ತು' ಎಂದು ಎದ್ದು ಹೋಗುವವರು. ಊರು ಕೊಂಡಾಡುವ ಆ ನ್ಯಾಯದ ಹೆಸರು ಉಳಿದಿರುವುದು ಬಹುಪಾಲು ಇವರ ಮೌನದಿಂದ.